ಬಳಸಿದ ಸೆಮಿ ಟ್ರಕ್ಕಿನ ಆಯ್ಕೆ (ಅಮೆರಿಕ ಸಂಯುಕ್ತ ಸಂಸ್ಥಾನ)

ಬಳಸಿದ ಸೆಮಿ ಟ್ರಕ್ಕಿನ ಆಯ್ಕೆಯು ಅಮೆರಿಕ ಸಂಯುಕ್ತ ಸಂಸ್ಥಾನದ ರಸ್ತೆ ಸರಕು ಸಾಗಣೆಯಲ್ಲಿ ಸ್ವತಂತ್ರವಾಗಿ ತೊಡಗುವ ಮಾಲೀಕ-ಚಾಲಕರು ಕೈಗೊಳ್ಳುವ ಪ್ರಮುಖ ಆರ್ಥಿಕ ನಿರ್ಧಾರವಾಗಿದೆ. ಎಂಜಿನ್ ಹಾಗೂ ಚಾಲಕನ ಕ್ಯಾಬಿನ್ ಇರುವ, ಎಳೆಯುವ ಭಾಗಕ್ಕೆ ಟ್ರ್ಯಾಕ್ಟರ್ ಎಂದು ಹೆಸರು. ‘ಐದನೆಯ ಚಕ್ರ’ ಎಂದು ಕರೆಯಲಾಗುವ ಜೋಡಣೆಯ ಮೂಲಕ ತನ್ನ ಭಾರದ ಒಂದು ಪಾಲನ್ನು ಟ್ರ್ಯಾಕ್ಟರಿನ ಮೇಲೆ ಊರಿ ಸಾಗುವ ಭಾಗವು ಸೆಮಿ ಟ್ರೈಲರ್. ಇವೆರಡೂ ಸೇರಿದ ವಾಹನವನ್ನು ಸೆಮಿ ಟ್ರಕ್ ಎನ್ನುತ್ತಾರೆ. ಸ್ವಂತ ಟ್ರ್ಯಾಕ್ಟರ್ ಹೊಂದಿ ತಾನೇ ಅದನ್ನು ಓಡಿಸುವವನು ಅಲ್ಲಿ ‘ಓನರ್ ಆಪರೇಟರ್’. ಕರ್ನಾಟಕದಲ್ಲಿ ‘ಓನರ್ ಕಮ್ ಡ್ರೈವರ್’ ಎಂಬ ಮಾತು ಸೂಚಿಸುವುದೂ ಇದನ್ನೇ.

ಹಳೆಯ ಟ್ರಕ್ಕಿನ ಬೆಲೆ ಕಡಿಮೆ, ಸಾಲವಿಲ್ಲದೆಯೂ ಕೊಳ್ಳಬಹುದು. ಆದರೆ ಒಂದೇ ವಾಹನವನ್ನು ನಂಬಿದ ಕುಟುಂಬಕ್ಕೆ ಅದು ದುರಸ್ತಿಗೆಂದು ನಿಂತ ದಿನಗಳಲ್ಲಿ ಆದಾಯವೂ ನಿಲ್ಲುತ್ತದೆ. ಆದ್ದರಿಂದ ಕೊಳ್ಳುವ ಬೆಲೆಗಿಂತ ಎಂಜಿನ್ನಿನ ವರ್ಷ ಮತ್ತು ಅದರ ನಿರ್ವಹಣೆಯ ಇತಿಹಾಸಕ್ಕೆ ಹೆಚ್ಚಿನ ತೂಕವಿದೆ.

ಹಿನ್ನೆಲೆ

1980ರ ಜುಲೈ 1ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಮಾಡಿದ ಮೋಟಾರು ಸಾಗಣೆ ಕಾಯಿದೆಯು ಸಾಗಣೆ ದರ ಹಾಗೂ ಪರವಾನಗಿಗಳ ಮೇಲಿದ್ದ ಸರ್ಕಾರಿ ನಿಯಂತ್ರಣವನ್ನು ಬಹುಮಟ್ಟಿಗೆ ಸಡಿಲಿಸಿತು. ಸಣ್ಣ ಬಂಡವಾಳದವರಿಗೂ ಈ ಉದ್ಯಮದ ಬಾಗಿಲು ತೆರೆಯಿತು. ಜೊತೆಗೆ ಪೈಪೋಟಿ ಹೆಚ್ಚಿ, ಬಾಡಿಗೆ ದರಗಳು ಏರಿಳಿತಕ್ಕೆ ಒಳಗಾದವು. ಹೊಸ ಭಾರಿ ಟ್ರಕ್ಕಿನ ಮೊದಲ ಚಿಲ್ಲರೆ ಮಾರಾಟದ ಮೇಲೆ ಶೇಕಡಾ 12ರಷ್ಟು ಫೆಡರಲ್ ಅಬಕಾರಿ ತೆರಿಗೆ ಬೀಳುತ್ತದೆ. ಬಳಸಿದ ಟ್ರಕ್ಕಿಗೆ ಈ ತೆರಿಗೆಯಿಲ್ಲ. ದರಗಳು ಕುಸಿದಾಗ ತಿಂಗಳ ಕಂತಿನ ಹೊರೆಯಿಲ್ಲದವನು ಉಳಿದುಕೊಳ್ಳುವ ಸಾಧ್ಯತೆ ಹೆಚ್ಚೆಂಬ ಲೆಕ್ಕಾಚಾರವೂ ಹಳೆಯ ಟ್ರಕ್ಕಿನತ್ತ ಒಲವಿಗೆ ಕಾರಣ.

ಎಂಜಿನ್ನಿನ ವರ್ಷ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಹೊಗೆ ನಿಯಮಗಳು ಟ್ರಕ್ಕುಗಳನ್ನು ಹಲವು ತಲೆಮಾರುಗಳಾಗಿ ವಿಂಗಡಿಸಿವೆ. 2002ಕ್ಕೂ ಹಿಂದಿನ ಎಂಜಿನ್ನುಗಳು ರಚನೆಯಲ್ಲಿ ಸರಳ. 1987ರಲ್ಲಿ ಬಂದ, ಆರಂಭದಿಂದಲೇ ವಿದ್ಯುನ್ಮಾನ ನಿಯಂತ್ರಣ ಹೊಂದಿದ್ದ ಡೆಟ್ರಾಯಿಟ್ ಡೀಸೆಲ್ ಸರಣಿ 60, ಕಮಿನ್ಸ್ ಎನ್14, ಕ್ಯಾಟರ್ಪಿಲ್ಲರ್ 3406ಇ ಇವು ಆ ಕಾಲದ ಹೆಸರಾಂತ ಎಂಜಿನ್ನುಗಳು. 2004ರ ಮಾನದಂಡವನ್ನು ಪಾಲಿಸಲು ಬಹುತೇಕ ತಯಾರಕರು ಹೊಗೆಯ ಒಂದಂಶವನ್ನು ತಣಿಸಿ ಮತ್ತೆ ಎಂಜಿನ್ನಿಗೇ ಹಾಯಿಸುವ ವ್ಯವಸ್ಥೆಯನ್ನು ಅಳವಡಿಸಿದರು. 2007ರ ಮಾನದಂಡದೊಡನೆ ಮಸಿಯನ್ನು ಹಿಡಿದಿಟ್ಟು ಸುಡುವ ಸೋಸುಕ ಬಂದಿತು. 2010ರ ಮಾನದಂಡಕ್ಕಾಗಿ ಯೂರಿಯಾ ದ್ರಾವಣವನ್ನು ಹೊಗೆಗೆ ಸಿಂಪಡಿಸುವ ವಿಧಾನ ರೂಢಿಗೆ ಬಂದಿತು. ನ್ಯಾವಿಸ್ಟಾರ್ ಸಂಸ್ಥೆಯೊಂದು ಮಾತ್ರ ಯೂರಿಯಾ ಇಲ್ಲದೆ ಆ ಮಾನದಂಡ ಮುಟ್ಟಲು ಯತ್ನಿಸಿ, 2012ರಲ್ಲಿ ಆ ದಾರಿಯನ್ನು ಕೈಬಿಟ್ಟಿತು. ಕ್ಯಾಟರ್ಪಿಲ್ಲರ್ ಸಂಸ್ಥೆಯು ಹೆದ್ದಾರಿ ಟ್ರಕ್ಕುಗಳ ಎಂಜಿನ್ ತಯಾರಿಕೆಯಿಂದ ಹಿಂದೆ ಸರಿಯುವುದಾಗಿ 2008ರಲ್ಲಿ ಪ್ರಕಟಿಸಿತು.

ಈ ತಲೆಮಾರುಗಳಲ್ಲಿ ಕೊಳ್ಳುವವನಿಗೆ ಹೆಚ್ಚು ತೊಡಕಾಗುವುದು ನಡುವಿನವು. ಹೊಸ ಸಾಧನಗಳು ಇನ್ನೂ ಪಕ್ವವಾಗದ ಕಾಲದ ಟ್ರಕ್ಕುಗಳಲ್ಲಿ ಹೊಗೆ ತಂಪುಕಾರಕ ಸೋರುವುದು, ಸೋಸುಕ ಕಟ್ಟಿಕೊಳ್ಳುವುದು, ಸಂವೇದಕಗಳು ಕೆಡುವುದು ಸಾಮಾನ್ಯ ದೂರುಗಳು. ಸೋಸುಕವನ್ನೇ ಕಿತ್ತೆಸೆದ ಟ್ರಕ್ಕುಗಳೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಆದರೆ ಹೊಗೆನಿಯಂತ್ರಣ ಸಾಧನಗಳನ್ನು ತೆಗೆದುಹಾಕುವುದು ಸ್ವಚ್ಛ ವಾಯು ಕಾಯಿದೆಯ ಪ್ರಕಾರ ನಿಷಿದ್ಧವಾಗಿದ್ದು, ಅವನ್ನು ಮರಳಿ ಕೂರಿಸುವ ವೆಚ್ಚ ಕೊಂಡವನ ತಲೆಗೇ ಬರುತ್ತದೆ.

ಟ್ರಕ್ಕಿನ ಮಾದರಿ ವರ್ಷ ಮತ್ತು ಎಂಜಿನ್ನಿನ ವರ್ಷ ಒಂದೇ ಆಗಿರಬೇಕೆಂದಿಲ್ಲ. 2007ರ ಮಾದರಿಯ ಟ್ರಕ್ಕಿನಲ್ಲಿ 2006ರ ಎಂಜಿನ್ ಇರುವುದುಂಟು. ಹೊಸ ನಿಯಮ ಜಾರಿಯಾಗುವ ಮೊದಲೇ ಖರೀದಿಸಲು ಸಾಗಣೆ ಕಂಪನಿಗಳು ಮುಗಿಬಿದ್ದುದರಿಂದ 2006ರಲ್ಲಿ ಮಾರಾಟ ಅಸಾಮಾನ್ಯವಾಗಿ ಏರಿತ್ತು. ಹೊಸ ಕ್ಯಾಬಿನ್ ಮತ್ತು ಚಾಸಿಗೆ ಹಳೆಯ ಎಂಜಿನ್ನನ್ನು ಜೋಡಿಸಿದ ‘ಗ್ಲೈಡರ್’ ಟ್ರಕ್ಕುಗಳಲ್ಲಿ ಈ ಅಂತರ ಇನ್ನೂ ದೊಡ್ಡದು. ಎಂಜಿನ್ನಿಗೆ ಅಂಟಿಸಿದ ತಗಡಿನ ಫಲಕವನ್ನು ಓದುವುದೇ ಖಚಿತ ಮಾರ್ಗ.

ಈ ಒಂದು ಸಂಖ್ಯೆಯ ಮೇಲೆ ಎರಡು ಕಾನೂನುಗಳ ಅನ್ವಯ ನಿಂತಿದೆ. ಚಾಲಕರು 10 ಗಂಟೆಗಳ ವಿರಾಮದ ನಂತರ 14 ಗಂಟೆಗಳ ಅವಧಿಯೊಳಗೆ 11 ಗಂಟೆ ಮಾತ್ರ ವಾಹನ ಓಡಿಸಬಹುದು. ಇದನ್ನು ದಾಖಲಿಸುವ ವಿದ್ಯುನ್ಮಾನ ಯಂತ್ರವನ್ನು 2017ರ ಡಿಸೆಂಬರ್ 18ರಿಂದ ಕಡ್ಡಾಯಗೊಳಿಸಿದಾಗ, 2000ಕ್ಕಿಂತ ಹಿಂದಿನ ಮಾದರಿಯ ಎಂಜಿನ್ನುಗಳಿಗೆ ವಿನಾಯಿತಿ ದೊರೆಯಿತು. ಹಳೆಯ ಟ್ರಕ್ಕುಗಳಿಗೆ ಬೇಡಿಕೆ ಬರಲು ಇದೂ ಒಂದು ಕಾರಣ. ಆದರೆ ಯಂತ್ರದಿಂದ ವಿನಾಯಿತಿ ಸಿಕ್ಕರೂ ಗಂಟೆಗಳ ಮಿತಿಯಿಂದ ವಿನಾಯಿತಿಯಿಲ್ಲ. ಕಾಗದದ ದಿನಚರಿ ಬರೆಯಲೇಬೇಕು. ಎರಡನೆಯದು ಕ್ಯಾಲಿಫೋರ್ನಿಯಾದ ನಿಯಮ. 2023ರ ಜನವರಿ 1ರಿಂದ ಆ ರಾಜ್ಯದ ರಸ್ತೆಗಳಲ್ಲಿ ಓಡುವ ಬಹುತೇಕ ಎಲ್ಲ ಭಾರಿ ಡೀಸೆಲ್ ಟ್ರಕ್ಕುಗಳಿಗೆ 2010ರ ಅಥವಾ ಅದರ ನಂತರದ ಎಂಜಿನ್ ಬೇಕು. ಹೊರರಾಜ್ಯದ ಟ್ರಕ್ಕುಗಳಿಗೂ ಇದು ಅನ್ವಯಿಸುತ್ತದೆ. ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳ ಸರಕನ್ನು ನೆಚ್ಚಿಕೊಂಡವನಿಗೆ 1999ರ ಟ್ರಕ್ ಎಷ್ಟು ಅಗ್ಗವಾಗಿ ಸಿಕ್ಕರೂ ನಿರುಪಯುಕ್ತ.

ಪರೀಕ್ಷೆ

ಮೈಲಿಗಳ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಿಸುವುದು ಸಲ್ಲದು. ಮಲಗುವ ಕೋಣೆಯುಳ್ಳ ಟ್ರಕ್ಕುಗಳಲ್ಲಿ ಚಾಲಕರು ಚಳಿ ಅಥವಾ ಸೆಖೆಗೆ ರಾತ್ರಿಯಿಡೀ ಎಂಜಿನ್ ಚಾಲೂ ಇಡುವುದುಂಟು. 6 ಲಕ್ಷ ಮೈಲಿ ಓಡಿದ ಎರಡು ಟ್ರಕ್ಕುಗಳಲ್ಲಿ ಒಂದರ ಎಂಜಿನ್ 12,000 ಗಂಟೆ, ಇನ್ನೊಂದರದು 20,000 ಗಂಟೆ ತಿರುಗಿದ್ದರೆ, ಸರಾಸರಿ ವೇಗ ಕ್ರಮವಾಗಿ ಗಂಟೆಗೆ 50 ಮತ್ತು 30 ಮೈಲಿ ಎಂದಾಗುತ್ತದೆ. ಎರಡನೆಯದು ನಿಂತಲ್ಲೇ ಸವೆದಿದೆ, ಇಲ್ಲವೇ ನಗರದ ದಟ್ಟಣೆಯಲ್ಲಿ ದುಡಿದಿದೆ. ಎಂಜಿನ್ನಿನ ಗಣಕದಿಂದ ಈ ವಿವರಗಳನ್ನು, ಒಟ್ಟು ಬಳಸಿದ ಇಂಧನದ ಲೆಕ್ಕ ಸಹಿತ, ಇಳಿಸಿಕೊಳ್ಳಬಹುದು. ಮುಂಫಲಕದ ಮೈಲಿ ಓದಿಗೂ ಗಣಕದ ಓದಿಗೂ ತಾಳೆಯಾಗದಿದ್ದರೆ ಮಾರುವವನಿಂದ ವಿವರಣೆ ಕೇಳಬೇಕು.

ಎಂಜಿನ್ನನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡುವುದು ಅನುಭವಿಗಳ ಕ್ರಮ. ಕೊಳ್ಳುವವನು ಬರುವ ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ಅನೇಕ ದೋಷಗಳನ್ನು ಮರೆಮಾಚುತ್ತದೆ. ಎಣ್ಣೆ ಹಾಕುವ ಮುಚ್ಚಳ ತೆಗೆದಾಗ ಹೊಗೆ ಒತ್ತಡದಿಂದ ನುಗ್ಗಿ ಬಂದರೆ ಪಿಸ್ಟನ್ ಉಂಗುರಗಳು ಸವೆದಿರುವ ಸಂಭವವಿದೆ. ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು ಅಲ್ಪ ವೆಚ್ಚದ, ಆದರೆ ಬಹಳ ತಿಳಿಸುವ ಪರೀಕ್ಷೆ: ಸೀಸ ಮತ್ತು ತಾಮ್ರ ಬೇರಿಂಗಿನ ಸವೆತವನ್ನೂ, ಸಿಲಿಕಾನ್ ಧೂಳು ಒಳಹೊಕ್ಕಿರುವುದನ್ನೂ, ಸೋಡಿಯಂ ಅಥವಾ ಪೊಟ್ಯಾಸಿಯಂ ರೇಡಿಯೇಟರಿನ ತಂಪುದ್ರವ ಬೆರೆತಿರುವುದನ್ನೂ ಸೂಚಿಸುತ್ತವೆ. ಎಂಜಿನ್ನನ್ನು ಚಾಸಿಯಿಂದ ಕೆಳಗಿಳಿಸದೆ ಮಾಡುವ ಓವರ್‌ಹಾಲ್ ಕೂಡ ಹತ್ತಾರು ಸಾವಿರ ಡಾಲರುಗಳ ಕೆಲಸ. ಅದು ಈಗಾಗಲೇ ಆಗಿದೆಯೆಂದು ಹೇಳಿದರೆ ಬಿಡಿಭಾಗಗಳ ರಸೀದಿ ತೋರಿಸಬೇಕು. ಬಾಯಿಮಾತಿಗೆ ಇಲ್ಲಿ ಬೆಲೆಯಿಲ್ಲ.

ಹಿಮ ಕರಗಿಸಲು ರಸ್ತೆಗಳಿಗೆ ಉಪ್ಪು ಎರಚುವ ಉತ್ತರದ ರಾಜ್ಯಗಳಲ್ಲಿ ಓಡಿದ ಟ್ರಕ್ಕುಗಳ ಚಾಸಿಗೆ ತುಕ್ಕು ಹಿಡಿಯುತ್ತದೆ. ಎರಡು ಪದರದ ಚಾಸಿ ಪಟ್ಟಿಗಳ ನಡುವೆ ತುಕ್ಕು ಉಬ್ಬಿದ್ದರೆ ಹೊರಗಿನ ಬಣ್ಣವನ್ನು ನಂಬುವಂತಿಲ್ಲ. ಟೈರುಗಳ ವಿಷಯ ಸುಲಭ: ಕಾನೂನಿನ ಪ್ರಕಾರ ಮುಂದಿನ ಚಕ್ರಗಳಲ್ಲಿ ಕನಿಷ್ಠ 4/32 ಅಂಗುಲ, ಉಳಿದವುಗಳಲ್ಲಿ 2/32 ಅಂಗುಲ ಆಳದ ಗೀರು ಇರಬೇಕು.

ಕೆಲಸಕ್ಕೆ ಹೊಂದಿಕೆ

ಟ್ರಕ್, ಟ್ರೈಲರ್ ಮತ್ತು ಸರಕು ಸೇರಿ ಒಟ್ಟು ತೂಕ ಅಂತರರಾಜ್ಯ ಹೆದ್ದಾರಿಗಳಲ್ಲಿ ಸಾಮಾನ್ಯವಾಗಿ 80,000 ಪೌಂಡ್, ಅಂದರೆ ಸುಮಾರು 36.3 ಟನ್ ಮೀರುವಂತಿಲ್ಲ. ಉದ್ದ ಮೂತಿಯ ಪೀಟರ್‌ಬಿಲ್ಟ್ 379 ಅಥವಾ ಕೆನ್‌ವರ್ತ್ ಡಬ್ಲ್ಯೂ900 ನೋಡಲು ಸೊಗಸು. ಆದರೆ ಅವುಗಳ ಚೌಕ ಮುಖ ಗಾಳಿಯನ್ನು ಎದುರಿಸುವುದರಿಂದ ಇಂಧನ ಹೆಚ್ಚು ಬೇಕು. ವರ್ಷಕ್ಕೆ 1 ಲಕ್ಷ ಮೈಲಿ ಓಡುವ ಟ್ರಕ್ ಗ್ಯಾಲನ್ನಿಗೆ 5.5 ಮೈಲಿ ಕೊಟ್ಟರೆ ಸುಮಾರು 18,180 ಗ್ಯಾಲನ್, 7.5 ಮೈಲಿ ಕೊಟ್ಟರೆ ಸುಮಾರು 13,330 ಗ್ಯಾಲನ್ ಡೀಸೆಲ್ ಬೇಕು. ಗ್ಯಾಲನ್ನಿಗೆ 4 ಡಾಲರ್ ಎಂದಿಟ್ಟುಕೊಂಡರೆ ವರ್ಷದ ವ್ಯತ್ಯಾಸ 19,000 ಡಾಲರಿಗೂ ಮಿಗಿಲು. ಕಡಿಮೆ ಬೆಲೆಯ ಹಳೆಯ ಟ್ರಕ್ಕಿನ ಉಳಿತಾಯವನ್ನು ದೂರ ಪ್ರಯಾಣ ಹೀಗೆ ನುಂಗಿಹಾಕುತ್ತದೆ. ಅಲ್ಪ ದೂರದ, ಋತುಮಾನದ ಅಥವಾ ಪ್ರಾದೇಶಿಕ ಕೆಲಸಕ್ಕೆ ಅದೇ ಟ್ರಕ್ ಲಾಭದಾಯಕವಾಗಬಹುದು.

ದಾಖಲೆ ಮತ್ತು ಹಣ

ಒಡೆತನದ ಪತ್ರದಲ್ಲಿ ಸಾಲದಾತನ ಹಕ್ಕು ಉಳಿದಿಲ್ಲವೆಂದೂ, ಅದರಲ್ಲಿನ 17 ಅಕ್ಷರಾಂಕಗಳ ಗುರುತು ಚಾಸಿಯ ಮೇಲಿನದಕ್ಕೆ ಹೊಂದುತ್ತದೆಂದೂ ಹಣ ಕೊಡುವ ಮುನ್ನ ಖಚಿತಪಡಿಸಿಕೊಳ್ಳಬೇಕು. ಕೆಲವು ಸಾಗಣೆ ಕಂಪನಿಗಳು ನಿರ್ದಿಷ್ಟ ವಯಸ್ಸು ಮೀರಿದ ಟ್ರಕ್ಕುಗಳನ್ನು ಗುತ್ತಿಗೆಗೆ ತೆಗೆದುಕೊಳ್ಳುವುದಿಲ್ಲ. ಇದನ್ನು ಕೊಳ್ಳುವ ಮೊದಲೇ ವಿಚಾರಿಸುವುದು ಒಳಿತು. 75,000 ಪೌಂಡ್ ಮೀರಿದ ವಾಹನಕ್ಕೆ ವರ್ಷಕ್ಕೆ 550 ಡಾಲರ್ ಭಾರಿ ವಾಹನ ಬಳಕೆ ತೆರಿಗೆಯಿದ್ದು, ಟ್ರಕ್ ಹಳೆಯದೆಂದು ರಿಯಾಯಿತಿಯಿಲ್ಲ. ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೇ ಸುರಿಯದೆ, ಒಂದು ದೊಡ್ಡ ದುರಸ್ತಿಗೂ ಆ ದುರಸ್ತಿ ಮುಗಿಯುವವರೆಗಿನ ಮನೆಖರ್ಚಿಗೂ ಸಾಲುವಷ್ಟನ್ನು ಬೇರೆಯಾಗಿ ತೆಗೆದಿರಿಸುವುದು ಮಾಲೀಕ-ಚಾಲಕರಲ್ಲಿ ರೂಢಿಯಲ್ಲಿರುವ ಎಚ್ಚರಿಕೆ.