ಪ್ಲಾಸ್ಟಿಕ್ ಕೈಚೀಲ ನಿಯಂತ್ರಣ: ಸ್ಥಳೀಯ ಸಂಸ್ಥೆಗಳ ಅಧಿಕಾರ

ರಬಕವಿ-ಬನಹಟ್ಟಿ ತಾಲ್ಲೂಕಿನ ಮಹಾಲಿಂಗಪುರ ಬೆಲ್ಲದ ಪೇಟೆಗೆ ಹೆಸರಾದ ಪುರಸಭೆ ಪಟ್ಟಣ. ಇಂಥ ಊರಿನ ಸಂತೆಯಲ್ಲಿ ಕಾಯಿಪಲ್ಲೆಯನ್ನು ತೆಳು ಕ್ಯಾರಿ ಬ್ಯಾಗಿಗೆ ಹಾಕಿಕೊಡುವ ವ್ಯಾಪಾರಿಗೆ ದಂಡ ವಿಧಿಸುವ ಅಧಿಕಾರ ಪುರಸಭೆಗಿದೆ. ಈ ಅಧಿಕಾರ ಒಮ್ಮೆಲೇ ಬಂದದ್ದಲ್ಲ, ದಿಲ್ಲಿ ಮತ್ತು ಬೆಂಗಳೂರಿನಿಂದ ಕಂತುಗಳಲ್ಲಿ ಇಳಿದು ಬಂತು.

ಕರ್ನಾಟಕ ಪುರಸಭೆಗಳ ಅಧಿನಿಯಮ, 1964 ಬೀದಿ ಗುಡಿಸುವುದನ್ನೂ ಕಸ ಸಾಗಿಸುವುದನ್ನೂ ಪುರಸಭೆಯ ಕಡ್ಡಾಯ ಹೊಣೆಯಾಗಿಸಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಘನತ್ಯಾಜ್ಯ ನಿರ್ವಹಣೆ ಮತ್ತು ಪರಿಸರ ರಕ್ಷಣೆಯನ್ನು 12ನೇ ಅನುಸೂಚಿಗೆ ಸೇರಿಸಿತು. ಆದರೆ ಬಿದ್ದ ಕಸ ಎತ್ತುವುದು ಬೇರೆ, ಕಸವಾಗುವ ವಸ್ತುವಿನ ಮಾರಾಟ ತಡೆಯುವುದು ಬೇರೆ. ಎರಡನೆಯದಕ್ಕೆ ಆಧಾರವಾದದ್ದು 1986ರ ಪರಿಸರ (ಸಂರಕ್ಷಣೆ) ಕಾಯ್ದೆ.

ಈ ಕಾಯ್ದೆಯಡಿ 1999ರಲ್ಲಿ ಬಂದ ನಿಯಮಗಳು 20 ಮೈಕ್ರಾನಿಗಿಂತ ತೆಳುವಾದ ಚೀಲಗಳನ್ನು ನಿಷೇಧಿಸಿದವು. ತಯಾರಿಕೆಯ ಉಸ್ತುವಾರಿ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಬಳಕೆಯದು ಜಿಲ್ಲಾಧಿಕಾರಿಗೆ ಹೋಯಿತು. ಪುರಸಭೆಗೆ ಸಿಕ್ಕಿದ್ದು ಕಸದ ಬುಟ್ಟಿ ಮಾತ್ರ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯ ಫಲವಾಗಿ 2000ದಲ್ಲಿ ನಗರ ಘನತ್ಯಾಜ್ಯ ನಿಯಮಗಳೂ ಬಂದವು. 2011ರಲ್ಲಿ ಮಿತಿ 40 ಮೈಕ್ರಾನಿಗೆ ಏರಿತು, ಚೀಲವನ್ನು ಪುಕ್ಕಟೆ ಕೊಡಬಾರದೆಂದಾಯಿತು, ಅದರ ಕನಿಷ್ಠ ಬೆಲೆ ಗೊತ್ತುಪಡಿಸುವ ಅಧಿಕಾರ ನಗರಾಡಳಿತಕ್ಕೆ ಬಂತು.

ಮೈಕ್ರಾನ್ ಲೆಕ್ಕ ಸಂತೆಯಲ್ಲಿ ನಡೆಯುವ ಮಾತಲ್ಲ. 38 ಮೈಕ್ರಾನಿನ ಚೀಲಕ್ಕೂ 42ರದಕ್ಕೂ ಇರುವ ವ್ಯತ್ಯಾಸ ಬೆರಳಿಗೆ ತಿಳಿಯುವುದಿಲ್ಲ; ದಪ್ಪ ಅಳೆಯುವ ಉಪಕರಣವಿಲ್ಲದ ಆರೋಗ್ಯ ನಿರೀಕ್ಷಕ ವ್ಯಾಪಾರಿಯ ಮಾತನ್ನೇ ನಂಬಬೇಕು. ಕರ್ನಾಟಕ ಈ ತೊಡಕನ್ನು 2016ರ ಮಾರ್ಚ್ 11ರ ಅಧಿಸೂಚನೆಯಿಂದ ಬಿಡಿಸಿತು. ದಪ್ಪ ಎಷ್ಟೇ ಇರಲಿ, ಕ್ಯಾರಿ ಬ್ಯಾಗ್, ಫ್ಲೆಕ್ಸ್, ತಟ್ಟೆ, ಲೋಟ, ಚಮಚಗಳ ತಯಾರಿಕೆ, ದಾಸ್ತಾನು, ಮಾರಾಟ, ಬಳಕೆ ಎಲ್ಲವೂ ನಿಷಿದ್ಧ. ಹಾಲಿನ ಪ್ಯಾಕೆಟ್, ಸಸ್ಯಪಾಲನಾ ಚೀಲಗಳಿಗೆ ವಿನಾಯಿತಿ ಸಿಕ್ಕಿತು. ಸ್ಥಳೀಯ ಆಡಳಿತಕ್ಕೆ ಇದು ಉಪಯುಕ್ತವಾದ ಹೆಜ್ಜೆ.

ವಾರದೊಳಗೆ, ಮಾರ್ಚ್ 18ರಂದು, ಕೇಂದ್ರದ ಹೊಸ ನಿಯಮಗಳು ಗ್ರಾಮ ಪಂಚಾಯಿತಿಗಳನ್ನೂ ಒಳಗೊಂಡವು. ಸ್ಥಳೀಯ ಸಂಸ್ಥೆ ಉಪವಿಧಿ ರಚಿಸಬೇಕು, ಅಂಗಡಿಕಾರರ ದಂಡ ಆ ಉಪವಿಧಿಯಂತೆಯೇ ನಿಗದಿಯಾಗಬೇಕು ಎಂದಾಯಿತು. ಉಪವಿಧಿ ಇಲ್ಲದ ಊರಿನಲ್ಲಿ ಕಾನೂನು ಹೆಸರಿಗಷ್ಟೇ ಉಳಿಯುತ್ತದೆ. ಚೀಲ ಕೊಡುವ ಅಂಗಡಿಗಳಿಂದ ತಿಂಗಳಿಗೆ ಕನಿಷ್ಠ 4,000 ರೂಪಾಯಿ ನೋಂದಣಿ ಶುಲ್ಕ ಪಡೆಯುವ ವಿಧಿಯೂ ಇತ್ತು. 2018ರಲ್ಲಿ ಅದನ್ನು ಕೈಬಿಡಲಾಯಿತು.

ಎಲ್ಲ ದೇಶಗಳಲ್ಲೂ ಅಧಿಕಾರ ಹೀಗೆ ಮೇಲಿನಿಂದ ಬರಲಿಲ್ಲ. ಅಮೆರಿಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ 2007ರಲ್ಲಿ ತಾನೇ ನಿಷೇಧ ತಂದಿತು. ಟೆಕ್ಸಸ್‌ನ ಲರೇಡೊ ನಗರದ ನಿಷೇಧವನ್ನಾದರೋ ರಾಜ್ಯದ ಕಾನೂನಿಗೆ ವಿರುದ್ಧವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2018ರಲ್ಲಿ ರದ್ದುಮಾಡಿತು.

ಕೇಂದ್ರದ ಮಿತಿ 2021ರ ಸೆಪ್ಟೆಂಬರಿನಲ್ಲಿ 75, 2022ರ ಕೊನೆಗೆ 120 ಮೈಕ್ರಾನಿಗೆ ಏರಿತು. ತಯಾರಿಕೆಯ ಮೇಲಿನ ಹಿಡಿತ ಈಗಲೂ ಪುರಸಭೆಯ ಕೈಯಲ್ಲಿಲ್ಲ. ಚೀಲ ಹೊರಗಿನಿಂದ ಬರುತ್ತದೆ, ದಂಡ ಸಂತೆಯ ಬಡ ವ್ಯಾಪಾರಿಗೆ ಬೀಳುತ್ತದೆ. ಮಗ್ಗಗಳ ಊರಾದ ರಬಕವಿ-ಬನಹಟ್ಟಿ ಪಕ್ಕದಲ್ಲೇ ಇರುವಾಗ, ಆ ವ್ಯಾಪಾರಿಗೆ ಬಟ್ಟೆ ಚೀಲ ಅಗ್ಗವಾಗಿ ಒದಗಿಸುವ ಕೆಲಸಕ್ಕೂ ದಂಡದಷ್ಟೇ ಮಹತ್ವ ಸಿಗಬೇಕಿತ್ತು. 2024ರ ಏಪ್ರಿಲ್ 1ರಿಂದ ಪರಿಸರ ಕಾಯ್ದೆಯ ಸೆರೆವಾಸದ ಶಿಕ್ಷೆಯ ಬದಲು 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಜಾರಿಯಲ್ಲಿದೆ.