ಮಳೆ ವಯನಾಡಿನಲ್ಲಿ, ಹೊಳೆ ಕೋಟೆಯಲ್ಲಿ

ಎಚ್.ಡಿ. ಕೋಟೆಯಲ್ಲಿ ಒಂದು ಹನಿ ಬೀಳದ ದಿನವೂ ಕಬಿನಿ ಉಕ್ಕಬಹುದು. ಯಾಕೆ ಗೊತ್ತಾ? 1974ರಲ್ಲಿ ಬೀಚನಹಳ್ಳಿಯಲ್ಲಿ ಕಟ್ಟಿ ಮುಗಿಸಿದ ಜಲಾಶಯ ತುಂಬೋದು ಹೆಚ್ಚಾಗಿ ಕೇರಳದ ವಯನಾಡಿನ ಮಳೆಯಿಂದ. ಹುಣಸೂರಿನ ಲಕ್ಷ್ಮಣತೀರ್ಥ, ಪಿರಿಯಾಪಟ್ಟಣ-ಕೆ.ಆರ್. ನಗರದ ಕಾವೇರಿ, ಎರಡಕ್ಕೂ ಕೊಡಗಿನ ಮಳೆಯೇ ಗತಿ.

ಹಿಂದೆ ಮಳೆಮಾಪಕ ಇದ್ದ ಊರಿನ ಲೆಕ್ಕ ಮಾತ್ರ ಸಿಗ್ತಿತ್ತು. ನಡುವಿನ ಕಾಡಿನದ್ದು ಬರೀ ಅಂದಾಜು. 1997ರಲ್ಲಿ ಅಮೆರಿಕ ಮತ್ತು ಜಪಾನ್ ಟಿಆರ್‌ಎಂಎಂ ಉಪಗ್ರಹ ಹಾರಿಸಿದವು. ಮಳೆ ಅಳೆಯುವ ರೇಡಾರ್ ಬಾಹ್ಯಾಕಾಶಕ್ಕೆ ಹೋಗಿದ್ದು ಅದೇ ಮೊದಲು. 2014ರಲ್ಲಿ ಜಿಪಿಎಂ ಬಂತು. ಈಗ ಅರ್ಧ ಗಂಟೆಗೊಮ್ಮೆ, ಸುಮಾರು 10 ಕಿ.ಮೀ. ಚೌಕಕ್ಕೊಂದು ಅಂಕಿ. ಅದಕ್ಕೆ ಇಳಿಜಾರು, ಮಣ್ಣು, ಕಾಡಿನ ವಿವರ ಸೇರಿಸಿದರೆ ನದಿಗೆ ಎಷ್ಟು ನೀರು, ಯಾವಾಗ ಬರುತ್ತೆ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತೆ.

ಆದರೆ ಎಂಜಿನಿಯರಿಂಗ್ ಓದಿದವನಾಗಿ ಒಂದು ಮಾತು ಹೇಳ್ತೀನಿ. ಘಟ್ಟದಲ್ಲಿ ತಗ್ಗಿನ ಮೋಡಗಳೂ ಜೋರಾಗಿ ಸುರಿಯುತ್ತವೆ. ಮೇಲಿನಿಂದ ನೋಡುವ ಉಪಗ್ರಹ ಅದನ್ನು ಎಷ್ಟೋ ಸಲ ಕಡಿಮೆ ಎಣಿಸುತ್ತೆ. ನೆಲದ ಮಾಪಕ ನೋಡಿ ತಿದ್ದದಿದ್ದರೆ ಪ್ರವಾಹದ ಎಚ್ಚರಿಕೆಯೂ ಕಡಿಮೆಯೇ ಆಗುತ್ತೆ. ಗೇಟ್ ತೆರೆದ ಮೇಲೆ ನಂಜನಗೂಡಿನವರಿಗೆ ಉಳಿಯೋದು ಕೆಲವೇ ಗಂಟೆ. ಆಕಾಶದ ಕಣ್ಣು ಬೇಕು, ವಯನಾಡಿನ ಮಳೆಮಾಪಕವೂ ಬೇಕು. ಅದರ ಅಂಕಿ ನೀರಿಗಿಂತ ಮೊದಲೇ ಗಡಿ ದಾಟಿ ಬರಬೇಕು.