ಜಮೀನು ನಿಮ್ಮದೇ, ತೆಂಗು ಮಾತ್ರ ಹಾಕಬೇಡಿ

ದಾಭೋಳ–ಬೆಂಗಳೂರು ಅನಿಲ ಕೊಳವೆ ಎಂದರೆ ಪತ್ರಿಕೆಯವರಿಗೆ ಸುಮಾರು 1000 ಕಿ.ಮೀ. ಉದ್ದದ ಉಕ್ಕಿನ ಸಾಲು. ನನಗೆ ಅದು 3(1) ನೋಟಿಸು. ತುಮಕೂರು ಜಿಲ್ಲೆಯಲ್ಲಿ ಗ್ರಾಮ ಲೆಕ್ಕಿಗನಾಗಿದ್ದವನು ನಾನು. ಸರ್ವೆ ನಂಬರು, ಹಿಸ್ಸೆ, ಇಷ್ಟು ಗುಂಟೆ ಎಂದು ಬರೆದ ಕಾಗದ ಹಿಡಿದು ಹೋದರೆ ಜನ ಕೇಳುತ್ತಿದ್ದದ್ದು ಗ್ಯಾಸಿನ ವಿಚಾರವಲ್ಲ, ತೆಂಗಿನ ವಿಚಾರ.

ಆ ನೋಟಿಸಿನ ಹಿಂದಿನ ಕಾನೂನು 1962ರದು. ಕೊಳವೆ ಹೂಳಲು ಸರ್ಕಾರ ಭೂಮಿಯನ್ನು ಕೊಳ್ಳುವುದಿಲ್ಲ, ಬಳಕೆಯ ಹಕ್ಕನ್ನಷ್ಟೇ ಪಡೆಯುತ್ತದೆ. ಪಹಣಿಯಲ್ಲಿ ಹೆಸರು ರೈತನದೇ ಉಳಿಯುತ್ತದೆ, ಉಳುಮೆಯೂ ಅವನದೇ. ಆದರೆ ಕೊಳವೆ ಹಾದ ಪಟ್ಟೆಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ, ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಕಡಿದ ಮರ, ಹಾಳಾದ ಬೆಳೆಗೆ ಬೇರೆ ಲೆಕ್ಕ. ಹಕ್ಕಿಗೆ ಕೊಡುವುದು ಅಧಿಸೂಚನೆ ಹೊರಟ ದಿನದ ಮಾರುಕಟ್ಟೆ ಬೆಲೆಯ ಶೇ 10.

“ಶಾನುಭೋಗ್ರೇ, ಜಮೀನು ನಿಂದೇ ಅಂತೀರ, ಸಸಿ ಇಕ್ಬೇಡ ಅಂತೀರ. ಹಂಗಾದ್ರೆ ನಂದು ಅನ್ನೋದು ಏನ್ ಉಳೀತು?” ಎಂದು ಒಬ್ಬ ಹಿರಿಯರು ಕೇಳಿದ್ದರು. ಶಾನುಭೋಗಿಕೆ ಹೋಗಿ ದಶಕಗಳಾದರೂ ಅವರಿಗೆ ನಾನು ಶಾನುಭೋಗನೇ. ರಾಗಿ ಹಾಕಬಹುದು, ಹುರುಳಿ ಚೆಲ್ಲಬಹುದು ಎಂದೆ. ಅವರು ಉತ್ತರ ಕೊಡಲಿಲ್ಲ, ತಮ್ಮ ಸಾಲು ತೋರಿಸಿದರು. 30 ಅಡಿಗೊಂದು ಮರ, ಎಲ್ಲ ಅವರ ಅಪ್ಪ ಇಟ್ಟವು. ನಮ್ಮ ನಾಟಿ ತೆಂಗು ಫಲಕ್ಕೆ ಬರಲು ಆರೇಳು ವರ್ಷ ಬೇಕು. ಬಂದ ಮೇಲೆ 60 ವರ್ಷ ಕಾಯಿ ಕೊಡುತ್ತದೆ. ಶೇ 10ರ ಲೆಕ್ಕ ಹೊಲಕ್ಕೆ ಹೊಂದೀತು, ತೋಟಕ್ಕೆ ಹೊಂದದು. ನೌಕರಿಯಲ್ಲಿದ್ದಾಗ ಹೇಳುವಂತಿರಲಿಲ್ಲ, ಈಗ ಹೇಳುತ್ತೇನೆ.

ಈ ಕೊಳವೆಯ ಮೂಲ ರತ್ನಾಗಿರಿ ಜಿಲ್ಲೆಯ ಕಡಲಂಚಿನ ದಾಭೋಳದಲ್ಲಿದೆ. ಅಮೆರಿಕದ ಎನ್ರಾನ್ ಕಂಪನಿ 1990ರ ದಶಕದಲ್ಲಿ ಅಲ್ಲಿ ವಿದ್ಯುತ್ ಸ್ಥಾವರ ಕಟ್ಟಿತು. ಕರೆಂಟಿನ ದರದ ಜಗಳದಲ್ಲಿ 2001ರಲ್ಲಿ ಅದು ನಿಂತಿತು. ಅದೇ ಡಿಸೆಂಬರಿನಲ್ಲಿ ಎನ್ರಾನೇ ದಿವಾಳಿ. ಅರೆಬರೆ ಉಳಿದ ಅನಿಲ ಟರ್ಮಿನಲ್ 2005ರಲ್ಲಿ ಸರ್ಕಾರಿ ಕಂಪನಿಗಳಾದ ಗೇಲ್ ಮತ್ತು ಎನ್‌ಟಿಪಿಸಿ ಸೇರಿ ಕಟ್ಟಿದ ಕಂಪನಿಯ ಕೈಗೆ ಬಂತು. ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿ ಬಿಡದಿಗೆ ಗೇಲ್ ಎಳೆದ ಕೊಳವೆಯಲ್ಲಿ ಅನಿಲ ಹರಿದದ್ದು 2013ರಲ್ಲಿ. ತಮಾಷೆಯೆಂದರೆ, ದಾಭೋಳದಲ್ಲಿ ಅಲೆತಡೆ ಗೋಡೆ ಮುಗಿಯದೆ ಎಷ್ಟೋ ವರ್ಷ ಮಳೆಗಾಲದಲ್ಲಿ ಹಡಗು ಕಟ್ಟಲಾಗುತ್ತಿರಲಿಲ್ಲ. ಆಗ ಗುಜರಾತಿನ ದಹೇಜ್ ಕಡೆಯಿಂದ ಅನಿಲ ತರಿಸಬೇಕಿತ್ತು.

ಹಡಗಿನಲ್ಲಿ ಬರುವಾಗ ಈ ಅನಿಲ ಮೈನಸ್ 162 ಡಿಗ್ರಿಯ ದ್ರವ. ಬಿಸಿ ತಾಗಿಸಿದರೆ 600 ಪಟ್ಟು ಹಿಗ್ಗಿ ಅನಿಲವಾಗುತ್ತದೆ. ಅದಕ್ಕೆ ತನ್ನದೆಂಬ ವಾಸನೆಯಿಲ್ಲ. ಸೋರಿದರೆ ಮೂಗಿಗೆ ತಿಳಿಯಲೆಂದು ಊರೊಳಗೆ ಬಿಡುವ ಮುಂಚೆ ಮರ್ಕ್ಯಾಪ್ಟನ್ ಎಂಬ ನಾರುವ ರಾಸಾಯನಿಕ ಬೆರೆಸುತ್ತಾರೆ. ಕೊಳವೆಯ ಉಕ್ಕಿಗೆ ತುಕ್ಕು ಹಿಡಿಯದಂತೆ ಮೇಲೆ ಲೇಪ, ಜೊತೆಗೆ ಸಣ್ಣ ಪ್ರಮಾಣದ ವಿದ್ಯುತ್ತು. ಮರ ಬೇಡವೆನ್ನುವುದೂ ಇದಕ್ಕೇ: ಬೇರು ಲೇಪವನ್ನು ಕೆಡಿಸುತ್ತದೆ, ರಿಪೇರಿಗೆ ಯಂತ್ರ ಇಳಿಸಲೂ ಜಾಗವಿರುವುದಿಲ್ಲ. ಕಾರಣ ಸುಳ್ಳಲ್ಲ.

ಮನೆಮನೆಗೆ ಅನಿಲ ಕೊಡುವ ಕೆಲಸ ಬೇರೆಯವರದು. 2006ರ ಕಾಯ್ದೆಯಿಂದ ಬಂದ ಅನಿಲ ನಿಯಂತ್ರಣ ಮಂಡಳಿ ತುಮಕೂರು ಜಿಲ್ಲೆಯನ್ನು ಮೇಘಾ ಎಂಜಿನಿಯರಿಂಗ್‌ಗೆ ಒಪ್ಪಿಸಿತು. ತುಮಕೂರಿನ ನನ್ನ ಮಗಳ ಮನೆಯಲ್ಲೀಗ ಸಿಲಿಂಡರಿಲ್ಲ; ಗೋಡೆಗೊಂದು ಮೀಟರು, ಒಲೆಗೆ ಬರುವ ಒತ್ತಡ 21 ಮಿಲಿಬಾರ್. ಸೋರಿದರೆ ಸಿಲಿಂಡರಿನ ಗ್ಯಾಸು ನೆಲ ಹಿಡಿಯುತ್ತದೆ, ಇದು ಗಾಳಿಗಿಂತ ಹಗುರ, ಮೇಲಕ್ಕೇರಿ ಕಿಟಕಿಯಿಂದ ಹೋಗುತ್ತದೆ. ಅವಳಿಗೆ ಸುಖವಾಗಿದೆ, ಇಲ್ಲವೆನ್ನಲಾರೆ. ಆದರೆ ಕೊಳವೆಗೆ ಪಟ್ಟೆ ಬಿಟ್ಟ ಆ ಹಿರಿಯರ ಅಡುಗೆಮನೆಯಲ್ಲಿ ನಾನು ಕಂಡದ್ದು ಸಿಲಿಂಡರು, ಹಿತ್ತಲಿನ ನೀರೊಲೆಗೆ ತೆಂಗಿನ ಮಟ್ಟೆ.

ಗುಬ್ಬಿ, ಕುಣಿಗಲ್ ಕಡೆ ಈಗ ಸೈಟಿಗೂ ತೋಟಕ್ಕೂ ಬೆಂಗಳೂರಿನಿಂದ ಗಿರಾಕಿಗಳು ಬರುತ್ತಾರೆ. ಅಂಥವರಿಗೆ ಒಂದು ಮಾತು: ಮುಂಗಡ ಕೊಡುವ ಮೊದಲು ಪಹಣಿಯಲ್ಲಿ ಇತರೆ ಹಕ್ಕು, ಋಣ ಬರೆಯುವ 11ನೇ ಕಾಲಂ ಓದಿ, ಅಷ್ಟಕ್ಕೇ ನಂಬಬೇಡಿ. ಬದುವಿನುದ್ದಕ್ಕೂ ನಡೆದು ಕೊಳವೆಯ ಗುರುತುಕಂಬ ಇದೆಯೇ ನೋಡಿ. ಇದ್ದರೆ, ಜೆಸಿಬಿ ಕರೆಸುವ ಮುನ್ನ ಅದರ ಮೇಲಿನ ನಂಬರಿಗೆ ಫೋನ್ ಮಾಡಿ.